ಅಡ್ಡಹೆಸರು ಒಂದೇ, ಮನೆತನ ಹಲವು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪೂರ್ವಜರನ್ನು ಹುಡುಕುವ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಸದಸ್ಯೆಯರ ಪಟ್ಟಿಯನ್ನು ಅಡ್ಡಹೆಸರಿನ ಪ್ರಕಾರ ಜೋಡಿಸಿದ್ದು. ಸಾಫ್ಟ್‌ವೇರ್‌ನವರ ಚಾಳಿ, ಬಿಡುವುದಿಲ್ಲ. ಕುಲಕರ್ಣಿ, ಪಾಟೀಲ, ದೇಸಾಯಿ, ದೇಶಪಾಂಡೆ, ಜೋಶಿ, ಹಿರೇಮಠ ಎಂಬ ಆರು ಹೆಸರುಗಳಲ್ಲೇ ಅರ್ಧ ಪಟ್ಟಿ ಮುಗಿಯಿತು. ನಾನೂ ಕುಲಕರ್ಣಿಯವರ ಮನೆಯ ಮಗಳು. ಹಾಗಾದರೆ ಇಲ್ಲಿರುವ ಕುಲಕರ್ಣಿಯರೆಲ್ಲ ನನಗೆ ದಾಯಾದಿಗಳೇ? ಅಲ್ಲ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಸಬರೊಬ್ಬರು ಕುಲಕರ್ಣಿ ಎಂದರೆ ಅವರು ತಕ್ಷಣ ಕೇಳುತ್ತಿದ್ದದ್ದು, "ಯಾವೂರ ಕುಲಕರ್ಣ್ಯಾರು?" ಎಂದು.

ಈ ಪ್ರಶ್ನೆಯಲ್ಲಿ ದೊಡ್ಡ ತಿಳಿವಳಿಕೆ ಇದೆ. ಕುಲಕರ್ಣಿ ಎಂಬುದು ಒಂದು ಕುಲದ ಹೆಸರಲ್ಲ, ಒಂದು ಕೆಲಸದ ಹೆಸರು. ಊರಿನ ಲೆಕ್ಕ ಬರೆಯುವವನು ಕುಲಕರ್ಣಿ, ಊರಿನ ಮುಖ್ಯಸ್ಥ ಪಾಟೀಲ ಅಥವಾ ಗೌಡ. ಹಲವು ಊರು ಸೇರಿದ ಪರಗಣೆಗೆ ದೇಸಾಯಿ ಮುಖ್ಯಸ್ಥ, ಅದರ ಲೆಕ್ಕಕ್ಕೆ ದೇಶಪಾಂಡೆ. ಊರಿಗೊಬ್ಬ ಕುಲಕರ್ಣಿ ಇದ್ದ ಮೇಲೆ ಊರಿಗೊಂದು ಕುಲಕರ್ಣಿ ಮನೆತನವೂ ಹುಟ್ಟಿಕೊಂಡಿತು. ಅದೇ ಕೆಲಸ ಮಾಡುವವರಿಗೆ ಹಳೇ ಮೈಸೂರಿನಲ್ಲಿ ಶಾನುಭೋಗರು ಎಂದರು, ಹೈದರಾಬಾದ್ ಸಂಸ್ಥಾನದಲ್ಲಿ ಪಟವಾರಿ ಎಂದರು, ಆಂಧ್ರದ ಕಡೆ ಕರಣಂ ಎಂದರು. ಕೆಲಸ ಒಂದೇ, ಸೀಮೆಗೊಂದು ಹೆಸರು.

ಕೆಲಸದ ಜೊತೆಗೆ ವತನ ಇತ್ತು, ಅಂದರೆ ಇನಾಮು ಜಮೀನೋ ವರ್ಷಕ್ಕಿಷ್ಟು ಎಂಬ ಹಣವೋ ಬರುತ್ತಿತ್ತು. ಅದು ತಂದೆಯಿಂದ ಮಗನಿಗೆ ಬರುತ್ತಿದ್ದುದರಿಂದ ಕೆಲಸದ ಹೆಸರು ಮನೆಯ ಹೆಸರಾಗಿ ಗಟ್ಟಿಯಾಯಿತು. ಮುಂಬೈ ರಾಜ್ಯದಲ್ಲಿ 1950ರ ಕಾಯಿದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ಮೈಸೂರು ರಾಜ್ಯದಲ್ಲಿ 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು. ಲೆಕ್ಕದ ಪುಸ್ತಕ ತಲಾಠಿಯ ಕೈಗೆ ಹೋಯಿತು, ಹೆಸರು ಮಾತ್ರ ನಮ್ಮ ಆಧಾರ್ ಕಾರ್ಡಿನಲ್ಲಿ ಉಳಿಯಿತು.

ಉಳಿದ ಹೆಸರುಗಳ ಕಥೆಯೂ ಇದೇ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಜ್ಯೋತಿಷ್ಯ, ಪಂಚಾಂಗ ನೋಡುವವರು ಜೋಶಿಗಳು. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರೂ, ಹಿಮಾಲಯದ ಕುಮಾವೂ ಮೂಲದ ಮುರಳಿ ಮನೋಹರ ಜೋಶಿಯವರೂ ಒಂದೇ ಮನೆಯವರೆಂದು ಯಾರೂ ಹೇಳುವುದಿಲ್ಲ. ಹಿರೇಮಠ ಎಂದರೆ ಊರಿನ ಹಿರಿಯ ಮಠ. ಅದು ಹಲವು ಊರುಗಳಲ್ಲಿದೆ. ಬಡಿಗೇರ, ಕಂಬಾರ, ಪತ್ತಾರ, ಅಂಗಡಿ, ಬೆಲ್ಲದ ಎಂಬ ಹೆಸರುಗಳೂ ಒಂದೊಂದು ಊರಿನಲ್ಲಿ ಬೇರೆ ಬೇರೆಯಾಗಿ ಹುಟ್ಟಿದವು.

ಹೆಣ್ಣುಮಕ್ಕಳು ಎಲ್ಲರೂ ಬಲ್ಲ ಉದಾಹರಣೆ ಕಿತ್ತೂರ ಚೆನ್ನಮ್ಮನದು. ಆಕೆ ಹುಟ್ಟಿದ್ದು ಕಾಕತಿಯ ದೇಸಾಯಿ ಮನೆತನದಲ್ಲಿ. ಕೊಟ್ಟದ್ದು ಕಿತ್ತೂರಿನ ದೇಸಾಯಿ ಮಲ್ಲಸರ್ಜನಿಗೆ. ತವರೂ ದೇಸಾಯಿ, ಅತ್ತೆಮನೆಯೂ ದೇಸಾಯಿ, ಆದರೆ ಮನೆತನಗಳು ಬೇರೆ. ಹೆಸರು ಒಂದೇ ಎಂದು ಅವರನ್ನು ದಾಯಾದಿಗಳೆಂದು ಬಗೆದಿದ್ದರೆ ಆ ಸಂಬಂಧವೇ ಕೂಡುತ್ತಿರಲಿಲ್ಲ.

ಇದರ ತಿರುವು ಮುರುವೂ ನಿಜ. ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ಒಬ್ಬರ ಕವಲು ಕುಲಕರ್ಣಿ ಎಂದು, ಇನ್ನೊಬ್ಬರದು ಇನಾಮದಾರ ಎಂದು, ಬೇರೆ ಊರಿಗೆ ಹೋದ ಮತ್ತೊಬ್ಬರದು ಬಿಟ್ಟುಬಂದ ಊರಿನ ಹೆಸರಿನಿಂದ ನಡೆದುಬಂದಿರುತ್ತದೆ. ಡೇಟಾಬೇಸ್ ಭಾಷೆಯಲ್ಲಿ ಹೇಳುವುದಾದರೆ ಅಡ್ಡಹೆಸರು ಪ್ರೈಮರಿ ಕೀ ಅಲ್ಲ. ಅದೊಂದನ್ನೇ ಹಿಡಿದು ಹುಡುಕಿದರೆ ನಮ್ಮವರಲ್ಲದ ಸಾವಿರ ಜನ ಸಿಗುತ್ತಾರೆ, ನಮ್ಮವರೇ ಆದ ಹತ್ತು ಜನ ತಪ್ಪಿಹೋಗುತ್ತಾರೆ. ಗೋತ್ರ ಸೇರಿಸಿದರೂ ಸಾಲದು. ಕಾಶ್ಯಪ, ಭಾರದ್ವಾಜ ಗೋತ್ರದವರು ದೇಶದ ತುಂಬ ಇದ್ದಾರೆ. ಅಡ್ಡಹೆಸರಿನ ಜೊತೆಗೆ ಊರು, ಮನೆದೇವರು, ಗೋತ್ರ ಅಥವಾ ಬೆಡಗು, ಬೀಗರ ಊರುಗಳು ಇಷ್ಟೂ ಕೂಡಿದರೆ ಆಗ ಮನೆ ಸಿಗುತ್ತದೆ. ತ್ರ್ಯಂಬಕೇಶ್ವರ, ನಾಸಿಕದ ತೀರ್ಥಪುರೋಹಿತರ ನಾಮಾವಳಿ ಪುಸ್ತಕಗಳಿರಲಿ, ಹರಿದ್ವಾರದ ಪಂಡಾಗಳ ವಹಿಗಳಿರಲಿ, ಅವರೂ ಮೊದಲು ಕೇಳುವುದು ಮೂಲ ಊರನ್ನೇ.

ಇನ್ನು ಎರಡನೆಯ ಮಾತು. ನಾವು ಪೂರ್ವಜರು ಎನ್ನುವಾಗ ಯಾರನ್ನು ಲೆಕ್ಕ ಹಿಡಿಯುತ್ತೇವೆ? ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ದುಪ್ಪಟ್ಟು ಮಾಡುತ್ತ ಹೋದರೆ ಐದನೇ ತಲೆಮಾರಿನಲ್ಲಿ 32 ಜನ. ನಮ್ಮಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವ ರೂಢಿ ಇದ್ದುದರಿಂದ ಆ ಲೆಕ್ಕ ಸ್ವಲ್ಪ ಕಡಿಮೆಯಾದೀತು. ಅಡ್ಡಹೆಸರು ಮಾತ್ರ ಆ 32ರಲ್ಲಿ ಒಬ್ಬನ ಸಾಲನ್ನಷ್ಟೇ ತೋರಿಸುತ್ತದೆ. ಉಳಿದ ಸಾಲುಗಳೆಲ್ಲ ಒಬ್ಬಳಲ್ಲ ಒಬ್ಬಳು ಹೆಣ್ಣುಮಗಳ ಮೂಲಕ ಬಂದವು, ಅಲ್ಲಿ ಅಡ್ಡಹೆಸರು ಬದಲಾಗಿದೆ. ಅಡ್ಡಹೆಸರೇನು, ಎಷ್ಟೋ ಸಲ ಅವಳ ಹೆಸರೇ ಬದಲಾಗಿದೆ. ಮದುವೆಯಲ್ಲಿ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಯುವ ಪದ್ಧತಿಯನ್ನು ನಾವೆಲ್ಲ ನೋಡಿದ್ದೇವೆ. ಅಕ್ಕಿ ತೆಗೆದ ಮೇಲೆ ಹಳೆಯ ಹೆಸರು ತವರಿನವರ ಬಾಯಲ್ಲಿ ಮಾತ್ರ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಒಂದು ವಂಶಾವಳಿ ಇದೆ. ಏಳು ತಲೆಮಾರಿನ ಗಂಡಸರ ಹೆಸರು ಅದರಲ್ಲಿದೆ. ಹೆಂಗಸರ ಹೆಸರು ಒಂದೂ ಇಲ್ಲ. ಮೂರು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ತಂಗಿಯ ಮುಂದೆ ಅದನ್ನು ಓದಿದೆ. ಆಗ ಅವರಿಗೆ 88 ವರ್ಷ. ನಮ್ಮ ಮುತ್ತಜ್ಜನ ಹೆಸರು ಬಂದಾಗ ತಡೆದರು. "ಅವರು ಈ ಮನ್ಯಾಗ ಹುಟ್ಟಿದವರಲ್ಲವಾ, ದತ್ತಕ ಬಂದವರು. ಅವರ ಹಡೆದವ್ವನ ಮನಿ ಜೋಶ್ಯಾರದು, ರೋಣದ ಕಡೆ. ಅವರ ಅಕ್ಕ ಪಂಚಮಿಗೆ ಉಂಡಿ ಕಳಸತಿದ್ದಳು," ಎಂದರು. ಪಂಚಮಿಯ ಉಂಡಿ ಯಾವ ಊರಿನಿಂದ ಬರುತ್ತಿತ್ತು ಎಂಬುದರಿಂದ ನಮ್ಮ ರಕ್ತದ ಊರು ತಿಳಿಯಿತು. ಆಮೇಲೆ ತಾಲೂಕು ಕಚೇರಿಯಿಂದ ಹಳೆಯ ವಾರಸಾ ನಕಲು ತೆಗೆಸಿದೆವು. ಅದರಲ್ಲಿ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ "ದತ್ತಕ" ಎಂಬ ಒಂದೇ ಶಬ್ದ ಇತ್ತು. ಎಲ್ಲಿಂದ ಬಂದರು, ಹೆತ್ತವರು ಯಾರು ಎಂಬುದು ಇರಲಿಲ್ಲ. ಅದನ್ನು ಹೇಳಿದ ಎಂಟು ತಿಂಗಳಿಗೆ ಆ ಅಜ್ಜಿ ತೀರಿಕೊಂಡರು. ಆ ಮಾತು ಈಗ ನನ್ನ ಫೋನಿನ ರೆಕಾರ್ಡಿಂಗ್‌ನಲ್ಲಿದೆ. ಬೇರೆ ಎಲ್ಲೂ ಇಲ್ಲ.

ವತನ ಇದ್ದ ಮನೆಗಳಲ್ಲಿ ದತ್ತಕ ಅಪರೂಪವಲ್ಲ. ಗಂಡುಸಂತಾನ ಇಲ್ಲದಿದ್ದರೆ ವತನ ಕೈಬಿಟ್ಟು ಹೋಗುವ ಹೆದರಿಕೆ ಇತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ ಎಂಬುದೇ ಅಲ್ಲಿಯ ಯುದ್ಧಕ್ಕೆ ಕಾರಣವಾಯಿತು. ಹಾಗಾಗಿ ಕಾಗದದ ವಂಶವೇ ಬೇರೆ, ರಕ್ತದ ವಂಶವೇ ಬೇರೆ ಆಗಿರಬಹುದು. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಲ್ಲ ತಿಳಿಯುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಹೋಗುತ್ತದೆ, ಅಡ್ಡಹೆಸರಿನ ಹಾಗೆಯೇ. ಆದರೆ ದತ್ತಕ ಬಂದ ಕಡೆ ಹೆಸರು ಒಂದು ದಾರಿ, ಅದು ಇನ್ನೊಂದು ದಾರಿ ಹಿಡಿಯುತ್ತದೆ. ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಸಾಲು ಒಂದಿದೆ. ಅದಕ್ಕೆ ಯಾವ ಅಡ್ಡಹೆಸರೂ ಇಲ್ಲ. ಅಮ್ಮನ ಅಮ್ಮನ ಅಮ್ಮ ಯಾರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೆಸರು ಹೇಳಬಲ್ಲೆವು?

ಹೆಣ್ಣುಮಕ್ಕಳ ಹೆಸರು ಎಲ್ಲಿ ಸಿಗುತ್ತದೆ ಎಂಬುದಕ್ಕೆ ನಾನು ಕಂಡುಕೊಂಡ ಕೆಲವು ದಾರಿ ಹೇಳುತ್ತೇನೆ.

ಮೊದಲನೆಯದು, ಪಕ್ಷ ಮಾಡುವ ಮನೆಗಳಲ್ಲಿ ಭಟ್ಟರ ಕೈಯಲ್ಲಿರುವ ಚೀಟಿ. ಮಹಾಲಯದಲ್ಲಿ ತಂದೆ, ಅಜ್ಜ, ಮುತ್ತಜ್ಜನ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ, ತಾಯಿಯ ತವರಿನ ಮೂರು ತಲೆಮಾರನ್ನೂ ಹೇಳುತ್ತಾರೆ. ಅಲ್ಲಿರುವುದು ಅತ್ತೆಮನೆಯ ಹೆಸರು, ಆದರೂ ಹೆಸರಂತೂ ಇದೆ. ಆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡನೆಯದು, ಜಮೀನಿನ ದಾಖಲೆ. ಇಲ್ಲಿ ಸಾತ್‌ಬಾರಾ ಎನ್ನುವುದನ್ನೇ ನಮ್ಮ ಕಡೆ ಪಹಣಿ ಎನ್ನುತ್ತೇವೆ. ಇಲ್ಲಿಯ ಫೇರಫಾರ ನಮ್ಮಲ್ಲಿ ಹಕ್ಕು ಬದಲಾವಣೆ. ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದಿವೆ. ಅದಕ್ಕೂ ಹಿಂದಿನ ಕೈಬರಹದ ದಾಖಲೆಗಳಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ನಕಲು ಪಡೆಯಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಕೆಲಸ ಹಗುರ. ಇವುಗಳಲ್ಲಿ ಹೆಣ್ಣಿನ ಹೆಸರು ಬರುವುದು ಬಹುಪಾಲು ವಿಧವೆಯಾದ ಮೇಲೆ, "ಗಂಡ ಇಂಥವರು" ಎಂದು.

ಮೂರನೆಯದು, ಹಳೆಯ ಶಾಲೆಗಳ ದಾಖಲಾತಿ ಪುಸ್ತಕ. ಹೆಣ್ಣುಮಕ್ಕಳ ಶಾಲೆಗೆ ನಾಲ್ಕು ವರ್ಷ ಹೋದ ಅಜ್ಜಿಯ ತವರಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಅಲ್ಲಿ ಸಿಗಬಹುದು.

ನಾಲ್ಕನೆಯದು ಪುಣೆಯಲ್ಲಿರುವ ನಮಗೆ ವಿಶೇಷ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. ಅದಕ್ಕೂ ಹಿಂದೆ ಆ ಸೀಮೆಯ ಬಹುಭಾಗ ಪೇಶ್ವೆಯವರ ಆಳಿಕೆಯಲ್ಲಿತ್ತು. ಪೇಶ್ವೆ ದಫ್ತರ ಇರುವುದು ನಮ್ಮ ಈ ಊರಿನಲ್ಲೇ. ಇನಾಮು ಯಾರಿಗೆ, ಯಾವಾಗ, ಏಕೆ ಸಿಕ್ಕಿತು ಎಂದು ಕಂಪನಿ ಸರ್ಕಾರದ ಇನಾಮ್ ಕಮಿಷನ್ ವಿಚಾರಣೆ ಮಾಡಿದ ಕಾಗದಗಳೂ ಅಲ್ಲಿವೆ. ಹೆಚ್ಚಿನವು ಮೋಡಿ ಲಿಪಿಯಲ್ಲಿವೆ. ಮನೆಯ ಹಳೇ ಪೆಟ್ಟಿಗೆಯ ಕಾಗದಗಳೂ ಎಷ್ಟೋ ಸಲ ಮೋಡಿಯಲ್ಲೇ ಇರುತ್ತವೆ. ಮೋಡಿ ಕಲಿಸುವ ತರಗತಿಗಳು ಪುಣೆಯಲ್ಲಿ ನಡೆಯುತ್ತವೆ. ನಮ್ಮ ವೇದಿಕೆಯಿಂದ ನಾಲ್ಕು ಜನ ಕಲಿತರೆ ನಲವತ್ತು ಮನೆಗಳ ಕಾಗದ ಓದಬಹುದು.

"ನೀವು ಕುಲಕರ್ಣಿ, ಮತ್ತೆ ಮನೆಯಲ್ಲಿ ಕನ್ನಡ ಹೇಗೆ?" ಎಂದು ಇಲ್ಲಿ ನಮ್ಮ ಮಕ್ಕಳನ್ನು ಕೇಳುತ್ತಾರೆ. ಮಕ್ಕಳು ನಮ್ಮನ್ನು ಕೇಳುತ್ತಾರೆ. ಹೆಸರು ಕೊಟ್ಟದ್ದು ಹುದ್ದೆ, ಭಾಷೆ ಕೊಟ್ಟದ್ದು ಊರು ಮತ್ತು ತಾಯಿ ಎಂದು ಅವರಿಗೆ ಹೇಳಿ. ರಾಜ್ಯದ ಗಡಿ ಗೀಚುವ ಮೊದಲೇ ಭೀಮೆಯ ಎರಡೂ ದಂಡೆಯಲ್ಲಿ ಕುಲಕರ್ಣಿಗಳಿದ್ದರು. ಅವರ ಮನೆಗಳಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು.

ಇದು ಬರೀ ಹವ್ಯಾಸದ ಮಾತೂ ಅಲ್ಲ. ವಂಶವೃಕ್ಷ ಒಂದು ಕಾನೂನಿನ ಕಾಗದ. ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲೇ ತಮ್ಮ ತಿದ್ದುಪಡಿಗಳಿಂದ ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟವು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಮದುವೆಯಾದ ಮಗಳಿಗೂ ಅದನ್ನು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆದರೆ ಆ ಹಕ್ಕು ಪಡೆಯಲು ಮತ್ತೆ ಓಡಾಡಬೇಕು. ಆಸ್ತಿ ತೆಗೆದುಕೊಳ್ಳುವುದು ಬಿಡುವುದು ನಿಮ್ಮ ಇಷ್ಟ, ಅಣ್ಣತಮ್ಮಂದಿರೊಡನೆ ಪ್ರೀತಿಯಿಂದ ಮಾತಾಡಿ ತೀರ್ಮಾನಿಸಿ. ಹೆಸರು ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಕೊನೆಯದಾಗಿ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಎರಡೂ ಮನೆಗಳಲ್ಲಿ, ಅಂದರೆ ತವರಿನಲ್ಲೂ ಅತ್ತೆಮನೆಯಲ್ಲೂ, ಎಲ್ಲರಿಗಿಂತ ಹಿರಿಯ ಹೆಣ್ಣುಮಗಳು ಯಾರೆಂದು ನೋಡಿ. ಈ ತಿಂಗಳೇ ಫೋನ್ ಮಾಡಿ. ಆರು ಪ್ರಶ್ನೆ ಕೇಳಿ. ನಿಮ್ಮ ಹುಟ್ಟುಹೆಸರೇನು? ತವರೂರು ಯಾವುದು, ಅಮ್ಮನ ತವರೂರು ಯಾವುದು? ಬಾಣಂತನ ಎಲ್ಲಾಯಿತು? ಮನೆದೇವರ ಜಾತ್ರೆಗೆ ಎಲ್ಲಿಗೆ ಹೋಗುತ್ತಿದ್ದಿರಿ? ಪಂಚಮಿಗೆ ಕರೆಯಲು ಯಾರು ಬರುತ್ತಿದ್ದರು? ಮನೆಯಲ್ಲಿ ದತ್ತಕ ಬಂದವರು, ಹೋದವರು ಯಾರಾದರೂ ಇದ್ದರೇ? ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ. ಆಮೇಲೆ ಕಾಗದದ ಮೇಲೂ ಬರೆದಿಡಿ, ಫೋನ್ ಕೆಟ್ಟರೂ ಉಳಿಯಲಿ. ದೂರದವರ ಹೆಸರಿಗೆ ಆಮೇಲೆ ಇಂಟರ್ನೆಟ್ ನೋಡೋಣ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ವಂಶಾವಳಿ ಬರೆಯುವಾಗ ಒಂದು ನಿಯಮ ಇಟ್ಟುಕೊಳ್ಳಿ. ಗಂಡಸಿನ ಹೆಸರು ಬರೆದ ಕಡೆಯೆಲ್ಲ ಪಕ್ಕದಲ್ಲಿ ಹೆಂಡತಿಯ ಎರಡೂ ಹೆಸರು ಮತ್ತು ಅವಳ ತವರೂರು. ಮಗಳ ಹೆಸರಿನ ಮುಂದೆ ಅವಳನ್ನು ಕೊಟ್ಟ ಊರು. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ. ಖಾಲಿ ಜಾಗ ಕಂಡರೆ ಮುಂದಿನವರು ಯಾರಾದರೂ ತುಂಬಲು ಹೊರಡುತ್ತಾರೆ.