ಬಿಸಿಲು ಬರೆದ ಚಿತ್ರ



ಇವತ್ತು ನಾವು ಫೋಟೋದ ಕತೆ ಹೇಳುತ್ತೇವೆ. ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಬಳೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಬಳೆ ಇದ್ದ ಜಾಗ ಬೆಳ್ಳಗಿದೆ, ಅಲ್ವಾ? ಸುತ್ತಲಿನ ಚರ್ಮ ಕಪ್ಪಾಗಿದೆ. ಹೊಲದಲ್ಲಿ ಕಳೆ ಕೀಳುವಾಗ ಬಿಸಿಲು ಬಿದ್ದ ಕಡೆ ಕಪ್ಪಾಯಿತು. ಬಳೆಯ ಕೆಳಗೆ ಬಿಸಿಲು ಬೀಳಲಿಲ್ಲ. ಅಲ್ಲಿ ಬಳೆಯ ಗುರುತು ಉಳಿಯಿತು.

ಹಳೆಯ ಕಾಲದ ಫೋಟೋದ ಗುಟ್ಟೂ ಇದೇ. ಬೆಳಕು ಬಿದ್ದ ಜಾಗ ಬದಲಾಗುತ್ತದೆ. ಬೀಳದ ಜಾಗ ಹಾಗೇ ಉಳಿಯುತ್ತದೆ.

ಫ್ರಾನ್ಸ್ ದೇಶದಲ್ಲಿ ನಿಯೆಪ್ಸ್ ಎಂಬವರಿದ್ದರು. ಅವರು ಒಂದು ತಗಡಿಗೆ ಡಾಂಬರಿನಂಥ ಕಪ್ಪು ವಸ್ತು ಸವರಿದರು. ಅದನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಮನೆಯ ಕಿಟಕಿಯ ಕಡೆ ತಿರುಗಿಸಿದರು. ಎಷ್ಟೋ ಗಂಟೆಗಳ ಮೇಲೆ ಹೊರಗಿನ ಗೋಡೆ, ಮಾಡುಗಳ ಚಿತ್ರ ಮೂಡಿತು. ಇದು 1826–27ರ ಮಾತು. 1839ರಲ್ಲಿ ಅದೇ ದೇಶದ ಡಾಗೇರ್ ಅವರ ವಿಧಾನ ಜಗತ್ತಿಗೆ ತಿಳಿಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡು, ಪಾದರಸದ ಹಬೆ, ಇವು ಅವರ ಸಾಮಾನು. ಚಿತ್ರವೇನೋ ಸ್ಪಷ್ಟ. ಆದರೆ ಒಂದು ತಗಡಿಗೆ ಒಂದೇ ಚಿತ್ರ.

ಇವರೆಲ್ಲ ಗಂಡಸರು. ಈಗ ಒಬ್ಬ ಹೆಣ್ಣುಮಗಳ ಕತೆ ಕೇಳಿ.

ಅವರ ಹೆಸರು ಆನಾ ಅಟ್ಕಿನ್ಸ್. 1799ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡರು. ತಂದೆ ವಿಜ್ಞಾನಿ. ಮಗಳಿಗೂ ವಿದ್ಯೆ ಕಲಿಸಿದರು. ಆ ಕಾಲದಲ್ಲಿ ಲಂಡನ್ನಿನ ದೊಡ್ಡ ವಿಜ್ಞಾನ ಸಂಘಕ್ಕೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1945ರಲ್ಲಿ ಮೊದಲ ಸಲ ಸೇರಿಸಿಕೊಂಡರು ಅಂದರೆ ನೋಡಿ!

ಆನಾ ಅವರಿಗೆ ಸಮುದ್ರದ ಪಾಚಿಯ ಮೇಲೆ ಆಸೆ. ಬಗೆಬಗೆಯ ಪಾಚಿ ಕೂಡಿಸಿ ಒಣಗಿಸಿದರು. ಅದರ ಎಳೆ ಕೂದಲಿನಷ್ಟು ಸಣ್ಣ. ಕೈಯಿಂದ ಬಿಡಿಸುವುದು ಬಹಳ ಕಷ್ಟ. 1842ರಲ್ಲಿ ಅವರ ತಂದೆಯ ಗೆಳೆಯರಾದ ಹರ್ಶೆಲ್ ಒಂದು ಹೊಸ ವಿಧಾನ ಕಂಡುಹಿಡಿದರು. ಆನಾ ಅದನ್ನು ಹಿಡಿದರು.

ಅವರು ಮಾಡಿದ್ದು ಹೀಗೆ. ಕಬ್ಬಿಣ ಸೇರಿದ ಎರಡು ಲವಣಗಳು ಬೇಕು. ಇವು ಅಡುಗೆಯ ಉಪ್ಪಲ್ಲ. ಅವನ್ನು ನೀರಿನಲ್ಲಿ ಕರಗಿಸಿ ಕಾಗದಕ್ಕೆ ಬಳಿಯಬೇಕು. ಕತ್ತಲಲ್ಲಿ ಒಣಗಿಸಬೇಕು. ಕಾಗದದ ಮೇಲೆ ಪಾಚಿ ಇಟ್ಟು, ಗಾಜು ಮುಚ್ಚಿ, ಬಿಸಿಲಿಗಿಡಬೇಕು. ಆಮೇಲೆ ನೀರಿನಲ್ಲಿ ತೊಳೆಯಬೇಕು. ಬಿಸಿಲು ಬಿದ್ದ ಕಡೆ ಗಾಢ ನೀಲಿ. ಪಾಚಿ ಇದ್ದ ಕಡೆ ಬಿಳಿ. ಕ್ಯಾಮೆರಾ ಬೇಕೇ ಇಲ್ಲ. ನಿಮ್ಮ ಬಳೆಯ ಗುರುತಿನ ಹಾಗೇ ಇದು!

ಮುಂದೆ ಎಂಜಿನಿಯರುಗಳು ಕಟ್ಟಡದ ನಕ್ಷೆಗಳನ್ನು ಹೀಗೇ ಪ್ರತಿ ಮಾಡಿದರು. ನೀಲಿ ಕಾಗದ, ಬಿಳಿ ಗೆರೆ. ನಾವು 'ನೀಲನಕ್ಷೆ' ಅನ್ನುತ್ತೇವಲ್ಲ, ಆ ಮಾತು ಬಂದದ್ದು ಈ ಬಣ್ಣದಿಂದಲೇ.

1843ರಲ್ಲಿ ಆನಾ ತಮ್ಮ ಪುಸ್ತಕದ ಮೊದಲ ಭಾಗ ಹೊರತಂದರು. ಫೋಟೋ ಇರುವ ಪುಸ್ತಕಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಹತ್ತು ವರ್ಷ ದುಡಿದು, 1853ರ ಹೊತ್ತಿಗೆ ಸುಮಾರು 400 ಚಿತ್ರ ಮಾಡಿದರು. ಪ್ರತಿ ಪುಸ್ತಕದ ಪ್ರತಿ ಹಾಳೆಯೂ ಬಿಸಿಲಿನಲ್ಲೇ ತಯಾರಾಗಬೇಕಿತ್ತು. ಪಾಚಿಗಳ ಹೆಸರನ್ನು ಕೈಯಿಂದ ಬರೆದು, ಅದನ್ನೂ ಬಿಸಿಲಿನಲ್ಲೇ ಮೂಡಿಸಿದರು.

ಆದರೆ ತಮ್ಮ ಹೆಸರು? ಪೂರ್ತಿ ಬರೆಯಲಿಲ್ಲ. 'ಎ. ಎ.' ಅಂತ ಎರಡೇ ಅಕ್ಷರ ಹಾಕಿದರು. ಇಂಗ್ಲಿಷಿನಲ್ಲಿ 'ಹೆಸರು ಹೇಳದ ಹವ್ಯಾಸಿ' ಎಂಬ ಮಾತಿಗೂ ಅವೇ ಎರಡು ಅಕ್ಷರ. ಮುಂದೆ ಪುಸ್ತಕ ನೋಡಿದವರು ಹಾಗೇ ತಿಳಿದದ್ದೂ ಉಂಟು. ಪ್ರತಿ ಪಾಚಿಗೂ ಹೆಸರು ಬರೆದ ಹೆಣ್ಣು, ತಾನೇ ಹೆಸರಿಲ್ಲದವಳಾದಳು. ಆಮೇಲೆ ಹುಡುಕಿದ್ದರಿಂದ ಆ ಹೆಸರು ನಮಗೆ ಸಿಕ್ಕಿದೆ.

ನಮ್ಮ ಮನೆಯಲ್ಲಿ ಒಂದು ಹಳೆಯ ಫೋಟೋ ಇದೆ. ಐದು ಜನ ಹೆಂಗಸರು ನಿಂತಿದ್ದಾರೆ. ಒಬ್ಬರು ನಮ್ಮ ಅಜ್ಜಿ. ಉಳಿದ ನಾಲ್ವರು ಯಾರು? ಹೇಳುವವರು ಈಗ ಇಲ್ಲ. ಫೋಟೋದ ಹಿಂದೆ ಏನೂ ಬರೆದಿಲ್ಲ. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ.

ನಿಮಗೆ ಬರುತ್ತದೆ.

ಇವತ್ತು ಮನೆಗೆ ಹೋಗಿ. ಗೋಡೆಯ ಮೇಲೋ ಟ್ರಂಕಿನಲ್ಲೋ ಇರುವ ಫೋಟೋ ತೆಗೆಯಿರಿ. ಅದರ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಎಡಗಡೆಯಿಂದ ಯಾರು ಯಾರು, ಯಾವ ಊರು, ಯಾವ ವರ್ಷ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಇರುವಾಗಲೇ ಕೇಳಿ. ನಿಮ್ಮ ಹೆಸರನ್ನು ಮಾತ್ರ ಒಂದಕ್ಷರಕ್ಕೆ ನಿಲ್ಲಿಸಬೇಡಿ. ಪೂರ್ತಿ ಬರೆಯಿರಿ.

ನಾಳೆ ಆ ಫೋಟೋ ತನ್ನಿ. ನೀವು ಬರೆದದ್ದನ್ನು ಎಲ್ಲರೂ ಸೇರಿ ಓದೋಣ.