ಒಂದು ರೂಪಾಯಿಗೆ ಒಂದು ರೂಪಾಯಿ ಹನ್ನೊಂದು ಪೈಸೆ



2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಿಕ್ಕ ಉತ್ತರ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಒಂದು ರೂಪಾಯಿಯ ನಾಣ್ಯ ಟಂಕಿಸಲು ಆಗ ತಗಲುತ್ತಿದ್ದ ವೆಚ್ಚ 1 ರೂಪಾಯಿ 11 ಪೈಸೆ. ಎರಡು ರೂಪಾಯಿಯದಕ್ಕೆ 1.28, ಐದರದ್ದಕ್ಕೆ 3.69, ಹತ್ತರದ್ದಕ್ಕೆ 5.54. ಇದನ್ನು ಓದಿದವರಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಪ್ರತಿ ಒಂದು ರೂಪಾಯಿ ನಾಣ್ಯಕ್ಕೂ ಕೈಯಿಂದ ಹನ್ನೊಂದು ಪೈಸೆ ಹಾಕಿ ಸರ್ಕಾರ ಇದನ್ನು ಯಾಕೆ ಮಾಡಬೇಕು? ನಿಲ್ಲಿಸಿಬಿಡಬಾರದೇ?

ನಿಲ್ಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮನೆಗೆ ಹೋದ ಮೇಲೆ ಚಿಲ್ಲರೆ ಡಬ್ಬಿ ಸುರಿದು ನೋಡಿ. ತೊಂಬತ್ತರ ದಶಕದ ಒಂದು ರೂಪಾಯಿ ಇನ್ನೂ ಸಿಗುತ್ತದೆ. ಅಂಚು ಸವೆದಿದೆ, ತೆನೆಗಳ ಚಿತ್ರ ಮಸುಕಾಗಿದೆ, ಆದರೂ ಅಂಗಡಿಯವನು ತಕರಾರಿಲ್ಲದೆ ತೆಗೆದುಕೊಳ್ಳುತ್ತಾನೆ. ಈ ಮೂವತ್ತು ವರ್ಷಗಳಲ್ಲಿ ಅದು ಎಷ್ಟು ಕೈ ದಾಟಿದೆಯೋ ಯಾರಿಗೂ ಗೊತ್ತಿಲ್ಲ. ಹಾಲಿನಂಗಡಿಯಿಂದ ಹೂವಾಡಗಿತ್ತಿಗೆ, ಅವಳಿಂದ ಬಸ್ಸಿಗೆ, ಬಸ್ಸಿನಿಂದ ಬ್ಯಾಂಕಿಗೆ, ಅಲ್ಲಿಂದ ಮತ್ತೆ ಪೇಟೆಗೆ. ಸರ್ಕಾರ ನಾಣ್ಯವನ್ನು ಒಮ್ಮೆ ಮಾರಿ ಕೈತೊಳೆದುಕೊಳ್ಳುವುದಿಲ್ಲ. ಅದು ಮಾಡಿಕೊಡುವುದು ಒಂದು ಸೌಕರ್ಯ. ಆ ಹನ್ನೊಂದು ಪೈಸೆಯನ್ನು ಅಷ್ಟೂ ವರ್ಷಗಳ ಕೊಡು-ಕೊಳ್ಳುವಿಕೆಗೆ ಹಂಚಿ ನೋಡಿದರೆ ಅದು ನಷ್ಟವೆಂದು ನನಗೆ ಅನ್ನಿಸುವುದಿಲ್ಲ.

ಹಾಗೆಂದು ವೆಚ್ಚವನ್ನೇ ಲೆಕ್ಕಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಲೋಹ, ಕೂಲಿ, ವಿದ್ಯುತ್ತು ಎಲ್ಲ ಸೇರಿ ಮುಖಬೆಲೆಯನ್ನು ಮೀರಿದರೆ ತಡೆದುಕೊಳ್ಳಬಹುದು. ಬರೀ ಲೋಹದ ಬೆಲೆಯೇ ಮೀರಿದರೆ ಕಷ್ಟ. ಆಗ ನಾಣ್ಯ ಕರಗಿಸುವ ಕುಲುಮೆಗೆ ಹೋಗುತ್ತದೆ. ತಾಮ್ರ-ನಿಕ್ಕಲ್ ಮಿಶ್ರಣದ ನಮ್ಮ ಹಳೆಯ ಐದು ರೂಪಾಯಿ ಒಂಬತ್ತು ಗ್ರಾಂ ತೂಗುತ್ತಿತ್ತು. ನಮ್ಮ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗಿ ಬ್ಲೇಡುಗಳಾಗುತ್ತಿವೆ ಎಂಬ ಸುದ್ದಿ ಒಂದು ಕಾಲಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ನಾಣ್ಯ ಕರಗಿಸುವುದಕ್ಕೆ 2011ರ ನಾಣ್ಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸೆರೆವಾಸವಿದೆ. ಆದರೆ ನಿಜವಾಗಿ ಕೆಲಸ ಮಾಡಿದ್ದು ಲೋಹ ಬದಲಿಸಿ ತೂಕ ಇಳಿಸಿದ್ದು. ಒಂದು ರೂಪಾಯಿಯನ್ನೇ ನೋಡಿ: ತಾಮ್ರ-ನಿಕ್ಕಲ್ ಕಾಲದ ಕೊನೆಗೆ 6 ಗ್ರಾಂ, 1992ರಿಂದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 4.85, 2011ರಲ್ಲಿ 3.79, 2019ರ ಸರಣಿಯಲ್ಲಿ 3.09. ಟಂಕಸಾಲೆಯವರು ಸುಮ್ಮನೆ ಕೂತಿಲ್ಲ.

ಅಮೆರಿಕದ ಉದಾಹರಣೆ ಈಗ ಎಲ್ಲರ ಬಾಯಲ್ಲಿದೆ. ಅಲ್ಲಿ ಒಂದು ಸೆಂಟಿನ ಪೆನ್ನಿ ಮಾಡಲು 2024ರ ಹಣಕಾಸು ವರ್ಷದಲ್ಲಿ 3.69 ಸೆಂಟ್ ಖರ್ಚಾಯಿತು. 1793ರಿಂದ ಬಂದಿದ್ದ ಆ ನಾಣ್ಯದ ಕೊನೆಯ ಟಂಕ 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಬಿತ್ತು. ಅಲ್ಲಿಯ ಮಟ್ಟಿಗೆ ಆ ತೀರ್ಮಾನ ಸರಿ. ಪೆನ್ನಿ ಅಂಗಡಿಯಿಂದ ಜೇಬಿಗೆ, ಜೇಬಿನಿಂದ ಮನೆಯ ಬಾಟಲಿಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಒಂದು ಪೆನ್ನಿಗೆ ಏನೂ ಬರುತ್ತಿರಲಿಲ್ಲ. ತಿರುಗದ ನಾಣ್ಯಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಆದರೆ ಅವರು ಟಂಕಿಸುವುದನ್ನು ಮೊದಲು ನಿಲ್ಲಿಸಿದರು, ಬಿಲ್ಲನ್ನು ಹೇಗೆ ಸರಿಹೊಂದಿಸಬೇಕೆಂಬ ನಿಯಮವನ್ನು ದೇಶಕ್ಕೆಲ್ಲ ಮಾಡಲಿಲ್ಲ. ಅಂಗಡಿಗಳಲ್ಲಿ ಪೆನ್ನಿ ಸಾಲದೆ ಒಬ್ಬೊಬ್ಬರು ಒಂದೊಂದು ಕ್ರಮ ಹಿಡಿದರು. ಕೆನಡಾ 2013ರಲ್ಲಿ ಪೆನ್ನಿ ಹಂಚುವುದನ್ನು ನಿಲ್ಲಿಸಿದಾಗ ನಿಯಮ ಮೊದಲೇ ಸಿದ್ಧವಿತ್ತು: ನಗದಿಗೆ ಮಾತ್ರ, ತೆರಿಗೆ ಸೇರಿಸಿದ ಒಟ್ಟು ಮೊತ್ತಕ್ಕೆ ಮಾತ್ರ, ಹತ್ತಿರದ ಐದು ಸೆಂಟಿಗೆ.

ನಮ್ಮ ಒಂದು ರೂಪಾಯಿಯ ಸ್ಥಿತಿ ಬೇರೆ. 2025ರ ಜನವರಿಯಲ್ಲಿ ಬಸ್ ದರ ಏರಿತಲ್ಲ, ಆಗ ಬೆಂಗಳೂರಿನ ಬಿಎಂಟಿಸಿಯ ಕನಿಷ್ಠ ಟಿಕೆಟ್ ಐದರಿಂದ ಆರು ರೂಪಾಯಿಯಾಯಿತು, ಹತ್ತರದ್ದು ಹನ್ನೆರಡಾಯಿತು, ಇಪ್ಪತ್ತರದ್ದು ಇಪ್ಪತ್ಮೂರಾಯಿತು. ಒಂದೇ ರಾತ್ರಿಯಲ್ಲಿ ನೋಟಿನ ಲೆಕ್ಕ ಚಿಲ್ಲರೆಯ ಲೆಕ್ಕವಾಯಿತು. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಂದ ತರಬೇಕು ಅಷ್ಟು ನಾಣ್ಯ? ಟಿಕೆಟ್ಟಿನ ಬೆನ್ನಿಗೆ ‘4’ ಎಂದು ಬರೆದು ಸುತ್ತು ಹಾಕಿ, ಇಳಿಯುವಾಗ ಕೇಳಿ ಎನ್ನುತ್ತಾರೆ. ತಲೆಯ ಮೇಲೆ ಪುಟ್ಟಿ ಇಟ್ಟುಕೊಂಡು, ನೂಕುನುಗ್ಗಲಿನಲ್ಲಿ ಮುಂದಿನ ಬಾಗಿಲಿನಿಂದ ಇಳಿಯುವ ಕೂಲಿಯವನಿಗೆ ಹಿಂದಿರುವ ಕಂಡಕ್ಟರನ್ನು ಕೇಳುವ ವ್ಯವಧಾನ ಎಲ್ಲಿದೆ? ಆ ನಾಲ್ಕು ರೂಪಾಯಿ ಹೋದಂತೆಯೇ. ಫೋನಿನಲ್ಲಿ ಸ್ಕ್ಯಾನ್ ಮಾಡುವವರಿಗೆ ಈ ಪಾಡಿಲ್ಲ, ಅವರು ಆರಕ್ಕೆ ಆರೇ ಕೊಡುತ್ತಾರೆ. ಸಣ್ಣ ನಾಣ್ಯ ಕಡಿಮೆಯಾದಷ್ಟೂ ನಗದಿನವರು ಕೊಡುವ ಬೆಲೆಯೇ ಬೇರೆ, ಫೋನಿನವರು ಕೊಡುವ ಬೆಲೆಯೇ ಬೇರೆ ಎಂದಾಗುತ್ತದೆ. ನನಗೆ ನಿಜಕ್ಕೂ ಸಂಕಟ ಕೊಡುವ ಸಂಗತಿ ಇದು.

ಇನ್ನೊಂದು ನಿದರ್ಶನ ಅದೇ ವರ್ಷದ ಸೆಪ್ಟೆಂಬರ್ 22ರದ್ದು. ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಐದು ರೂಪಾಯಿಯ ಪೊಟ್ಟಣದ ಹೊಸ ಬೆಲೆ ಲೆಕ್ಕದ ಪ್ರಕಾರ 4 ರೂಪಾಯಿ 45 ಪೈಸೆ. ಒಂದು ರೂಪಾಯಿಯ ಪೆಪ್ಪರ್‌ಮಿಂಟು ತೊಂಬತ್ತು ಪೈಸೆಯ ಆಸುಪಾಸು. ಫೋನಿನಲ್ಲಿ ಅಷ್ಟನ್ನೇ ಕೊಡಬಹುದಿತ್ತು. ಕೈಯಲ್ಲಿ ಐದು ರೂಪಾಯಿ ಹಿಡಿದು ಬಂದ ಮಗುವಿಗೆ ಐವತ್ತೈದು ಪೈಸೆಯನ್ನು ಅಂಗಡಿಯವನು ಯಾವ ನಾಣ್ಯದಲ್ಲಿ ಕೊಡಬೇಕಿತ್ತು? ತೆರಿಗೆ ಇಳಿಸಿದ್ದು ಸರ್ಕಾರ. ಅದರ ಲಾಭ ತೀರಾ ಸಣ್ಣ ಗಿರಾಕಿಗೆ ಮುಟ್ಟದಿದ್ದುದಕ್ಕೆ ಚಿಲ್ಲರೆಯೂ ಒಂದು ಕಾರಣ.

ಹಾಗಾದರೆ ಎಂಟಾಣೆಯನ್ನು ಮತ್ತೆ ಹೇರಳವಾಗಿ ಟಂಕಿಸೋಣವೇ? ಬೇಡ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನು 2011ರ ಜೂನ್ 30ರಂದು ಅಧಿಕೃತವಾಗಿ ಹಿಂತೆಗೆದುಕೊಂಡರು. ಐವತ್ತು ಪೈಸೆ ಮಾತ್ರ ಕಾನೂನಿನಲ್ಲಿ ಇನ್ನೂ ಜೀವಂತ. ಹತ್ತು ರೂಪಾಯಿಯವರೆಗಿನ ಬಾಬ್ತನ್ನು ಅದರಲ್ಲೇ ತೀರಿಸಬಹುದು ಎನ್ನುತ್ತದೆ ಕಾಯ್ದೆ. ಯಾವ ಪೇಟೆಯಲ್ಲಾದರೂ ತೀರಿಸಿ ನೋಡಿ! ಅಂಗಡಿಯವನಿಗೆ ಬೇಡ, ಕಂಡಕ್ಟರಿಗೆ ಬೇಡ, ದೇವಸ್ಥಾನದ ಹುಂಡಿಗೆ ಬಿದ್ದರೆ ಎಣಿಸುವವರಿಗೂ ಬೇಡ. ಜನ ಕೈಬಿಟ್ಟಿರುವ ಆ ನಾಣ್ಯವನ್ನು ಸರ್ಕಾರವೂ ಗೌರವದಿಂದ ಹಿಂತೆಗೆದುಕೊಳ್ಳಲಿ. ಆದರೆ ಅದೇ ಆದೇಶದಲ್ಲಿ ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಕ್ರಮವೂ ಇರಲಿ. ಇಲ್ಲದಿದ್ದರೆ ಪ್ರತಿ ಸಲವೂ ಅದು ಮೇಲಕ್ಕೇ ಸರಿಯುತ್ತದೆ, ಉಳಿದದ್ದಕ್ಕೆ ಕೈಗೆ ಚಾಕೊಲೇಟು ಬರುತ್ತದೆ.

ಈ ಕ್ರಮವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನಲ್ಲಿ ಸರ್ಕಾರ ತೆರಿಗೆ, ಬಡ್ಡಿ, ದಂಡಗಳ ಮೊತ್ತಕ್ಕೆ ಅದನ್ನು ಬರೆದಿಟ್ಟಿದೆ: ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡುವುದು. ಅಂಗಡಿಯ ನಗದು ಬಿಲ್ಲಿನ ಒಟ್ಟು ಮೊತ್ತಕ್ಕೂ ಇದನ್ನೇ ಕಡ್ಡಾಯ ಮಾಡಲಿ. ಆಗ 4 ರೂಪಾಯಿ 45 ಪೈಸೆಯ ಒಂದು ಪೊಟ್ಟಣ ಕೊಂಡವನು 4 ರೂಪಾಯಿ ಕೊಡುತ್ತಾನೆ, ಎರಡು ಕೊಂಡವನು 8 ರೂಪಾಯಿ 90 ಪೈಸೆಗೆ 9 ರೂಪಾಯಿ ಕೊಡುತ್ತಾನೆ. ಆ ಮಗುವಿಗೆ ಒಂದು ರೂಪಾಯಿ ಚಿಲ್ಲರೆ ವಾಪಸು ಬರುತ್ತದೆ. ಅದನ್ನು ಕೊಡಲು ಅಂಗಡಿಯವನ ಗಲ್ಲಾ ಪೆಟ್ಟಿಗೆಯಲ್ಲಿ ಒಂದು ರೂಪಾಯಿಯ ನಾಣ್ಯ ಇರಬೇಕು, ಅಷ್ಟೇ.