ವರ್ಣಹೀನತೆಯೂ ದೃಷ್ಟಿಯೂ



ಹೊಸಪೇಟೆಯಿಂದ ಹಂಪೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದ ಒಂದು ದಿನದ ಸಂಗತಿಯನ್ನು ಮೊದಲು ಅರಿಕೆಮಾಡುತ್ತೇನೆ. ಕಂಪ್ಲಿಯ ಕಡೆಯ ಹುಡುಗನೊಬ್ಬನು ನಮ್ಮೊಡನಿದ್ದನು. ಹುಟ್ಟಿನಿಂದಲೇ ಅವನ ಮೈ ಬಿಳುಪು, ಕೂದಲು ಹೊಂಬಣ್ಣ. ಕಣ್ಣಾಲಿಗಳು ಸದಾ ಅಲುಗುತ್ತಿದ್ದುವು. ಬಂಡೆಗಳ ಮೇಲೆ ಬಿದ್ದ ಮಧ್ಯಾಹ್ನದ ಬಿಸಿಲು ಕಣ್ಣು ಕೋರೈಸುತ್ತಿತ್ತು. ಅವನು ಬಹುಮಟ್ಟಿಗೆ ಕಣ್ಣು ಮುಚ್ಚಿಕೊಂಡೇ ನಡೆದನು. ನೆರಳಿದ್ದರೆ ಸರಿಹೋದೀತೆಂದು ಭಾವಿಸಿ, ಹಜಾರರಾಮ ದೇವಾಲಯದ ನೆರಳಿನಲ್ಲಿ ನಿಲ್ಲಿಸಿ, ಗೋಡೆಯ ಮೇಲಣ ರಾಮಾಯಣದ ಶಿಲ್ಪಗಳನ್ನು ತೋರಿಸಿದೆನು. “ಕಾಣಿಸುವುದಿಲ್ಲ, ಸಾರ್” ಎಂದನು. ಉದಾಸೀನವೆಂದೆಣಿಸಿ ಗದರಿಸಿದೆನು. ಅವನು ಮರುಮಾತಾಡದೆ ಗೋಡೆಯ ಬಳಿಗೆ ಹೋಗಿ, ಗೇಣುದೂರದಲ್ಲಿ ಮುಖವಿಟ್ಟು, ಒಂದೊಂದು ವಿಗ್ರಹವನ್ನೂ ನನಗಿಂತ ವಿವರವಾಗಿ ಹೇಳಿದನು.

ಈ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರು. ಇದು ತೊನ್ನಲ್ಲ, ಅಂಟುರೋಗವೂ ಅಲ್ಲ. ಚರ್ಮಕ್ಕೂ ಕೂದಲಿಗೂ ಕಣ್ಣಿಗೂ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವು ಹುಟ್ಟಿನಿಂದಲೇ ಸಾಲದೆ ಇರುತ್ತದೆ. ತಂದೆತಾಯಿಗಳಿಬ್ಬರಲ್ಲಿಯೂ ಅಡಗಿದ್ದ ಅಂಶವು ಮಗುವಿನಲ್ಲಿ ಕೂಡಿದಾಗ ಸಾಮಾನ್ಯವಾಗಿ ಇದು ತೋರುತ್ತದೆ. ನಮ್ಮಲ್ಲಿ ರೂಢಿಯಾಗಿರುವ ಸೋದರಸಂಬಂಧದ ವಿವಾಹಗಳಲ್ಲಿ ಇದರ ಸಂಭವ ಹೆಚ್ಚು. ತಾಯಿಯೊಬ್ಬಳನ್ನೇ ದೂರುವುದು ಶುದ್ಧ ಅನ್ಯಾಯ.

ಪಾಪೆಯ ಸುತ್ತಲಿನ ಪರದೆಯಲ್ಲಿ ಬಣ್ಣ ಸಾಲದಿರುವುದರಿಂದ ಪರದೆಯ ಮೂಲಕವೂ ಬೆಳಕು ಒಳನುಗ್ಗಿ ಚದರುತ್ತದೆ. ಬಿಸಿಲಿನ ಬಾಧೆಗೆ ಇದೇ ಕಾರಣ. ಟೋಪಿಯೂ ಕಪ್ಪು ಕನ್ನಡಕವೂ ಅದನ್ನು ತಗ್ಗಿಸುತ್ತವೆ. ಆದರೆ ದೃಷ್ಟಿಯ ಮಾಂದ್ಯಕ್ಕೆ ಮುಖ್ಯ ಕಾರಣ ಬೇರೆ. ಅಕ್ಷಿಪಟಲದ ನಡುವೆ ಒಂದು ಸಣ್ಣ ಕುಳಿಯಿದೆ. ಅಕ್ಷರವನ್ನು ಓದುವುದೂ ಮುಖವನ್ನು ಗುರುತಿಸುವುದೂ ಅದರ ಬಲದಿಂದಲೇ. ಇವರಲ್ಲಿ ಆ ಕುಳಿಯು ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಮೇಲಾಗಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳಲ್ಲಿ ವಾಡಿಕೆಗಿಂತ ಹೆಚ್ಚಿನವು ಎದುರು ಬದಿಗೆ ದಾಟಿರುತ್ತವೆ. ಎರಡು ಕಣ್ಣೂ ಕೂಡಿ ಆಳವನ್ನಳೆಯುವ ಶಕ್ತಿ ಇದರಿಂದ ಕುಂದುತ್ತದೆ. ಕನ್ನಡಕವು ಸಮೀಪದೃಷ್ಟಿ ಮೊದಲಾದುವನ್ನು ತಿದ್ದೀತು. ಬೆಳೆಯದ ಕುಳಿಯನ್ನು ಬೆಳೆಸಲಾರದು. ದೃಷ್ಟಿ 6/60 ಎಂದರೆ, ಇತರರು 60 ಮೀಟರಿನಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದು ಓದಬೇಕು. ಈ ಮಟ್ಟದವರೂ ಇದ್ದಾರೆ, ಮೇಲಿನವರೂ ಕೆಳಗಿನವರೂ ಇದ್ದಾರೆ. ಆದರೆ ವಯಸ್ಸಾದಂತೆ ಇದು ಸಾಮಾನ್ಯವಾಗಿ ಉಲ್ಬಣಿಸುವುದಿಲ್ಲ. ಬಣ್ಣಗಳ ವಿಷಯದಲ್ಲಿಯೂ ಕೊರತೆಯಿಲ್ಲ. ಸಂಡೂರಿನ ಕೆಮ್ಮಣ್ಣೂ ಕಂಪ್ಲಿಯ ಗದ್ದೆಯ ಹಸುರೂ ಇವರಿಗೆ ನಮ್ಮಂತೆಯೇ ಕಾಣುತ್ತವೆ.

ಇಂಥ ಮಗುವು ತಲೆಯನ್ನು ಒಂದು ಕಡೆಗೆ ವಾಲಿಸಿ ಓದುವುದುಂಟು. “ನೆಟ್ಟಗೆ ಕೂರು” ಎನ್ನುವ ಉಪಾಧ್ಯಾಯರು ಬಹು ಮಂದಿ, ನಾನೂ ಅವರಲ್ಲೊಬ್ಬನಾಗಿದ್ದೆ. ಆ ಓರೆಯಲ್ಲಿ ಕಣ್ಣಾಲಿಗಳ ಅಲುಗಾಟ ಕಡಮೆಯಾಗಿ ಅಕ್ಷರವು ನಿಲ್ಲುತ್ತದೆ. ಆದುದರಿಂದ ಅದನ್ನು ತಿದ್ದಬಾರದು. ಕಿಟಕಿಗೆ ಬೆನ್ನು ಮಾಡಿದ ಮುಂದಿನ ಬೆಂಚು, ದಪ್ಪಕ್ಷರದ ಪುಸ್ತಕ, ದೂರದ್ದನ್ನು ನೋಡಲು ಕೈಯಲ್ಲಿ ಹಿಡಿಯುವ ಪುಟ್ಟ ದುರ್ಬೀನು, ಇಷ್ಟಿದ್ದರೆ ಪಾಠ ಬಹುಮಟ್ಟಿಗೆ ಸಾಗುತ್ತದೆ. ಹಂಪೆಯಿಂದ ಮರಳಿದ ಮೇಲೆ ನಮ್ಮ ಹುಡುಗನಿಗೆ ಮುಂದಿನ ಬೆಂಚು ದೊರೆಯಿತು. ಕರಿಹಲಗೆಯ ಮೇಲೆ ಬರೆದುದನ್ನೆಲ್ಲ ಬಾಯಲ್ಲಿಯೂ ಹೇಳುವ ಅಭ್ಯಾಸ ನನಗಾಯಿತು.